ವಾಲ್ಟ್ ವಿಟ್ಮನ್ ಆರ್ಕೈವ್: ಆ ಮಾತು ನಿಜಕ್ಕೂ ವಿಟ್ಮನ್‌ನದೇ?

ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಕವಿ ವಾಲ್ಟ್ ವಿಟ್ಮನ್ ಹೆಸರು ಹಾಕಿ ಒಂದು ಮಾತನ್ನು ಅಂಕಣದಲ್ಲೋ ಭಾಷಣದಲ್ಲೋ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲೋ ಬಳಸುವ ಮುಂಚೆ ಒಮ್ಮೆ ತೆರೆದು ನೋಡಬೇಕಾದ ತಾಣ ವಾಲ್ಟ್ ವಿಟ್ಮನ್ ಆರ್ಕೈವ್. ವಿಳಾಸ ವಿಟ್ಮನ್‌ಆರ್ಕೈವ್ ಡಾಟ್ ಆರ್ಗ್. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಕೈತಪ್ಪಿದ್ದಕ್ಕೆ ಕಾರಣಗಳಿವೆ, ಅವು ಮುಂದೆ ಬರುತ್ತವೆ.

1995ರಲ್ಲಿ ಎಡ್ ಫಾಲ್ಸಮ್ ಮತ್ತು ಕೆನೆತ್ ಪ್ರೈಸ್ ಎಂಬ ಇಬ್ಬರು ಪ್ರಾಧ್ಯಾಪಕರು ಶುರುಮಾಡಿದ ಕೆಲಸ ಇದು. ಅಯೋವ ಮತ್ತು ನೆಬ್ರಾಸ್ಕ ವಿಶ್ವವಿದ್ಯಾಲಯಗಳ ಆಸರೆಯಲ್ಲಿ ಬೆಳೆದಿದೆ. ವಿಟ್ಮನ್ ಬದುಕಿದ್ದಾಗ ಅಮೆರಿಕದಲ್ಲಿ ಹೊರಬಂದ ಅವನ ಕವನ ಸಂಕಲನ 'ಲೀವ್ಸ್ ಆಫ್ ಗ್ರಾಸ್'ನ ಎಲ್ಲ ಆವೃತ್ತಿಗಳೂ ಇಲ್ಲಿವೆ: 1855, 1856, 1860, 1867, 1871-72, 1881-82, ಮತ್ತು ಸಾಯುವ ಹೊತ್ತಿಗೆ ಸಿದ್ಧವಾದ 1891-92ರ ಮುದ್ರಣ. ಒಂದು ಕಡೆ ಬೆರಳಚ್ಚಿಸಿದ ಪಠ್ಯ, ಪಕ್ಕದಲ್ಲೇ ಹಳೆಯ ಪುಟದ ಚಿತ್ರ. ಇದರ ಜೊತೆಗೆ ಹಸ್ತಪ್ರತಿಗಳು, ಅವನು ಬರೆದ ಮತ್ತು ಅವನಿಗೆ ಬಂದ ಪತ್ರಗಳು, ಪತ್ರಿಕೆಗಳಲ್ಲಿ ಅಚ್ಚಾದ ಬರಹಗಳು, ಆ ಕಾಲದ ವಿಮರ್ಶೆಗಳು, ನೂರಕ್ಕೂ ಹೆಚ್ಚು ಛಾಯಾಚಿತ್ರಗಳು. ಅಮೆರಿಕದ ಸಾಹಿತ್ಯ ಪಾಠ ಮಾಡುವವರಿಗೆ ಇದು ದೊಡ್ಡ ಗ್ರಂಥಾಲಯ. ಆದರೆ ನಾವಿಲ್ಲಿ ಅದನ್ನು ಒಂದೇ ಕೆಲಸಕ್ಕಾಗಿ ನೋಡುತ್ತಿದ್ದೇವೆ: ಒಂದು ಮಾತನ್ನು ಪತ್ತೆ ಹಚ್ಚುವುದು.

ಸರ್ವಜ್ಞನ ಹೆಸರಿನಲ್ಲಿ ಯಾರ್ಯಾರದೋ ತ್ರಿಪದಿಗಳು ಓಡಾಡುವ ಹಾಗೆ ವಿಟ್ಮನ್ ಹೆಸರಿನಲ್ಲೂ ಅನಾಥ ಮಾತುಗಳು ಓಡಾಡುತ್ತವೆ. ಈಚಿನ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು 'ಕುತೂಹಲ ಇರಲಿ, ತೀರ್ಪು ಬೇಡ' ಎಂಬ ಅರ್ಥದ 'ಬಿ ಕ್ಯೂರಿಯಸ್, ನಾಟ್ ಜಡ್ಜ್‌ಮೆಂಟಲ್'. 2020ರ 'ಟೆಡ್ ಲಾಸೊ' ಧಾರಾವಾಹಿಯಲ್ಲಿ ನಾಯಕ ಡಾರ್ಟ್ಸ್ ಆಡುತ್ತಾ ಇದನ್ನು ವಿಟ್ಮನ್ ಮಾತೆಂದು ಹೇಳುತ್ತಾನೆ. ಗೋಡೆಯ ಮೇಲೆ ಬರೆದಿದ್ದನ್ನು ಓದಿದೆ ಎಂದೂ ಸೇರಿಸುತ್ತಾನೆ. ಮೂಲ ಅಷ್ಟು ಮಾತ್ರ. ವಿಟ್ಮನ್‌ನ ಪದ್ಯ, ಗದ್ಯ, ಪತ್ರ, ಮಾತುಕತೆ ಎಲ್ಲಿ ಜಾಲಾಡಿದರೂ ಆ ವಾಕ್ಯ ಇಲ್ಲ. 'ಮುಖ ಸದಾ ಬಿಸಿಲಿನ ಕಡೆಗಿರಲಿ, ನೆರಳು ಹಿಂದೆ ಬೀಳುತ್ತದೆ' ಎಂಬ ಕ್ಯಾಲೆಂಡರ್ ಮಾತೂ ಅವನದಲ್ಲ.

ಇಂಥ ಪೂರ್ತಿ ಸುಳ್ಳುಗಳನ್ನು ಹಿಡಿಯುವುದು ಸುಲಭ. ತಲೆನೋವು ಕೊಡುವುದು ಅರ್ಧ ನಿಜ ಇರುವಂಥವು. 'ನಾವು ಜೊತೆಗಿದ್ದೆವು, ಉಳಿದದ್ದು ಮರೆತೆ' ಎಂಬುದು ಮದುವೆ ಕಾರ್ಡುಗಳ ತನಕ ಹೋಗಿರುವ ಸಾಲು. ಹಾಗೇ ಹುಡುಕಿದರೆ ಆರ್ಕೈವ್‌ನಲ್ಲಿ ಏನೂ ಬರುವುದಿಲ್ಲ, 'ಸುಳ್ಳು' ಎಂದು ಬರೆದುಬಿಡುವ ಆಸೆಯಾಗುತ್ತದೆ. ಅವಸರ ಬೇಡ. 'ವುಯ್ ವರ್ ಟುಗೆದರ್' ಎಂಬ ಮೂರು ಪದಗಳನ್ನಷ್ಟೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಜನನಿಬಿಡ ನಗರವೊಂದನ್ನು ಹಾದುಹೋದದ್ದರ ಬಗೆಗಿನ ಪುಟ್ಟ ಪದ್ಯ ಸಿಗುತ್ತದೆ. 1860ರ ಆವೃತ್ತಿಯಲ್ಲಿ ಮೊದಲು ಅಚ್ಚಾದದ್ದು. ಹಗಲಿಗೆ ಹಗಲು, ಇರುಳಿಗೆ ಇರುಳು ನಾವು ಜೊತೆಗಿದ್ದೆವು, ಮಿಕ್ಕಿದ್ದೆಲ್ಲ ಎಂದೋ ಮರೆತುಹೋಗಿದೆ ಎಂಬ ಅರ್ಥದ ಒಂದು ಉದ್ದ ಸಾಲು ಅದರಲ್ಲಿದೆ. ಅದನ್ನು ಯಾರೋ ಕತ್ತರಿಸಿ, ಎರಡು ಚುಟುಕು ವಾಕ್ಯ ಮಾಡಿ, ಹರಿಯಬಿಟ್ಟಿದ್ದಾರೆ. ಕವಿಯ ಉಸಿರು ಇರುವುದು ಆ ಉದ್ದದಲ್ಲಿ. ಚುಟುಕು ಮಾಡಿದವರು ಅದನ್ನೇ ತೆಗೆದುಹಾಕಿದ್ದಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಅಚ್ಚಾದ ಪದ್ಯದಲ್ಲಿ ಜೊತೆಗಿದ್ದವಳು ಒಬ್ಬ ಹೆಂಗಸು. ಅದೇ ಪದ್ಯದ ಹಸ್ತಪ್ರತಿಯಲ್ಲಿ ಅದು ಒಬ್ಬ ಗಂಡಸು. ಒಂದು ಮದುವೆ ಕಾರ್ಡಿನ ಸಾಲಿನ ಹಿಂದೆ ಇಷ್ಟು ಕತೆ ಇದೆ ಎಂಬುದು ಉಲ್ಲೇಖಗಳ ತಾಣಗಳಿಂದ ಎಂದಿಗೂ ತಿಳಿಯುವುದಿಲ್ಲ.

ಈ ತಾಣದ ನಿಜವಾದ ಬೆಲೆ ಇರುವುದು ಇಲ್ಲೇ. ಬೇರೆ ಕವಿಗಳ ವಿಷಯದಲ್ಲಿ 'ಹೇಳಿದ್ದಾನೋ ಇಲ್ಲವೋ' ಎಂದು ಕೇಳಿದರೆ ಸಾಕಾಗುತ್ತದೆ. ವಿಟ್ಮನ್ ವಿಷಯದಲ್ಲಿ 'ಯಾವ ವರ್ಷ ಹೇಳಿದ್ದು' ಎಂದೂ ಕೇಳಲೇಬೇಕು. ಒಂದೇ ಪುಸ್ತಕವನ್ನು ಮೂವತ್ತೇಳು ವರ್ಷ ತಿದ್ದುತ್ತಾ, ಸೇರಿಸುತ್ತಾ, ಕತ್ತರಿಸುತ್ತಾ ಕೂತ ಮನುಷ್ಯ ಅವನು. 1855ರಲ್ಲಿ ಬ್ರೂಕ್ಲಿನ್‌ನ ರೋಮ್ ಸಹೋದರರ ಮುದ್ರಣಾಲಯದಲ್ಲಿ 795 ಪ್ರತಿ ಅಚ್ಚಾಯಿತು. ಹನ್ನೆರಡೇ ಪದ್ಯ, ಯಾವುದಕ್ಕೂ ಪ್ರತ್ಯೇಕ ಶೀರ್ಷಿಕೆ ಇಲ್ಲ, ಶೀರ್ಷಿಕೆ ಪುಟದಲ್ಲಿ ಕವಿಯ ಹೆಸರೂ ಇಲ್ಲ. ಮೊದಲ ಪದ್ಯದ ಮೊದಲ ಸಾಲು ಆಗ 'ಐ ಸೆಲೆಬ್ರೇಟ್ ಮೈಸೆಲ್ಫ್' ಎಂಬಲ್ಲಿಗೆ ನಿಲ್ಲುತ್ತಿತ್ತು. 'ಆ್ಯಂಡ್ ಸಿಂಗ್ ಮೈಸೆಲ್ಫ್' ಸೇರಿದ್ದು 1881ರಲ್ಲಿ. ಈಗ ಎಲ್ಲರೂ 'ಸಾಂಗ್ ಆಫ್ ಮೈಸೆಲ್ಫ್' ಎನ್ನುವ ಶೀರ್ಷಿಕೆ ಬಂದದ್ದೂ ಆಗಲೇ. 1856ರಲ್ಲಿ ಅದು 'ಪೊಯೆಮ್ ಆಫ್ ವಾಲ್ಟ್ ವಿಟ್ಮನ್, ಆ್ಯನ್ ಅಮೆರಿಕನ್', 1860ರಿಂದ ಬರೀ 'ವಾಲ್ಟ್ ವಿಟ್ಮನ್'. 52 ಭಾಗಗಳ ಲೆಕ್ಕ ಶುರುವಾದದ್ದು 1867ರಲ್ಲಿ. ಹಾಗಾಗಿ 'ಸಾಂಗ್ ಆಫ್ ಮೈಸೆಲ್ಫ್, ಭಾಗ 51, 1855' ಎಂದು ಒಂದೇ ಉಸಿರಿನಲ್ಲಿ ಬರೆದರೆ ಮೂರು ಬೇರೆ ಬೇರೆ ಪುಸ್ತಕಗಳನ್ನು ಒಂದೇ ಚೀಲಕ್ಕೆ ತುಂಬಿದಂತಾಯಿತು.

ಆ 51ನೇ ಭಾಗದಲ್ಲೇ ಅವನ ಅತಿ ಹೆಸರಾದ ಮಾತಿದೆ: ನನ್ನ ಮಾತಿಗೆ ನಾನೇ ಎದುರಾಡುತ್ತೇನೆಯೇ? ಆಗಲಿ, ಎದುರಾಡುತ್ತೇನೆ, ನಾನು ವಿಶಾಲ, ನನ್ನೊಳಗೆ ಸಮೂಹಗಳೇ ಇವೆ. 1855ರ ಪುಟ ತೆರೆದರೆ 'ವೆರಿ ವೆಲ್ ದೆನ್' ಆದ ಮೇಲೆ ನಾಲ್ಕು ಚುಕ್ಕೆ, 'ಐ ಆ್ಯಮ್ ಲಾರ್ಜ್' ಆದ ಮೇಲೆ ಇನ್ನು ನಾಲ್ಕು ಚುಕ್ಕೆ. ಮಾತಾಡುವವನು ತಡೆದು, ಯೋಚಿಸಿ, ಭುಜ ಹಾರಿಸಿ ಮುಂದುವರಿದ ಹಾಗೆ. ಕೊನೆಯ ಆವೃತ್ತಿಯಲ್ಲಿ ಚುಕ್ಕೆಗಳು ಮಾಯ. ಕಡೆಯ ಸಾಲು ಕಂಸದೊಳಗೆ ಕೂತಿದೆ. ಪದ ಅವೇ, ದನಿ ಬೇರೆ. ಎರಡನ್ನೂ ಎರಡು ಕಿಟಕಿಯಲ್ಲಿ ಪಕ್ಕಪಕ್ಕ ತೆರೆದಿಟ್ಟು ನೋಡಿ. ಈ ತಾಣದ ಉಪಯೋಗ ಏನೆಂದು ಅರ್ಥವಾಗಲು ಅಷ್ಟು ಸಾಕು. ಹೆಸರು ಹೇಳಿಕೊಳ್ಳುವ ಸಾಲೂ ಹೀಗೆಯೇ. 1855ರಲ್ಲಿ ಅವನು ಅಮೆರಿಕನ್, ಒರಟರಲ್ಲಿ ಒಬ್ಬ, ಒಂದು ಬ್ರಹ್ಮಾಂಡ. ಕೊನೆಗೆ ಉಳಿದದ್ದು ಬ್ರಹ್ಮಾಂಡ ಮತ್ತು ಮ್ಯಾನ್‌ಹ್ಯಾಟನ್ನಿನ ಮಗ, 'ಒರಟ' ಹೋಗಿಬಿಟ್ಟ. ವಯಸ್ಸಾದಂತೆ ಕವಿ ಸ್ವಲ್ಪ ಸಭ್ಯನಾದ ಎನ್ನಬೇಕು, ಅದರಿಂದ ಪದ್ಯಕ್ಕೆ ಲಾಭವೇನೂ ಆಗಲಿಲ್ಲ.

ಪ್ರಬಲ ನಾಟಕ ನಡೆಯುತ್ತಲೇ ಇರುತ್ತದೆ, ನೀನೂ ಒಂದು ಸಾಲು ಸೇರಿಸಬಹುದು ಎಂಬ ಮಾತು 1989ರ 'ಡೆಡ್ ಪೊಯೆಟ್ಸ್ ಸೊಸೈಟಿ' ಸಿನಿಮಾದಿಂದ ಮನೆಮಾತಾಯಿತು. ಇದರಲ್ಲಿ 'ಮೇ' ಸರಿಯೋ 'ವಿಲ್' ಸರಿಯೋ ಎಂದು ವಾದ ಮಾಡುವವರಿದ್ದಾರೆ. ಎರಡೂ ಅಚ್ಚಾಗಿವೆ. 1891-92ರ ಕೊನೆಯ ಪಠ್ಯದಲ್ಲಿರುವುದು 'ಮೇ'. ನೀವು ಯಾವ ಆವೃತ್ತಿಯಿಂದ ಎತ್ತಿದ್ದೀರೆಂದು ಹೇಳಿದರೆ ವಾದಕ್ಕೆ ಎಡೆಯೇ ಇರುವುದಿಲ್ಲ.

ಇನ್ನು ಹುಡುಕುವ ಕ್ರಮ. ಪೂರ್ತಿ ವಾಕ್ಯವನ್ನು ಹುಡುಕು ಪೆಟ್ಟಿಗೆಗೆ ಸುರಿಯಬೇಡಿ. ಹರಿದಾಡುವ ಉಲ್ಲೇಖಗಳಲ್ಲಿ ಒಂದಾದರೂ ಪದ ಬದಲಾಗಿರುತ್ತದೆ, ಅಲ್ಪವಿರಾಮವಂತೂ ಬದಲಾಗಿಯೇ ಇರುತ್ತದೆ. ಮಾತಿನಲ್ಲಿ ಅಪರೂಪವಾದ ಎರಡು ಮೂರು ಪದಗಳ ತುಣುಕನ್ನು ಆರಿಸಿ ಉದ್ಧರಣ ಚಿಹ್ನೆಯೊಳಗಿಡಿ. ಆ ತುಣುಕಿನಲ್ಲಿ 'ಇ', 'ಡಿ' (ed) ಅಕ್ಷರಗಳಿಂದ ಮುಗಿಯುವ ಭೂತಕಾಲದ ಕ್ರಿಯಾಪದ ಇರದಂತೆ ನೋಡಿಕೊಳ್ಳಿ. ಮೊದಲ ಆವೃತ್ತಿಗಳಲ್ಲಿ 'ಕಂಟೇನ್ಡ್', 'ಪಾಸ್ಡ್' ಎಂಬ ಪದಗಳು ಇವತ್ತಿನ ಕಾಗುಣಿತದಲ್ಲೇ ಇವೆ. ಆಮೇಲಿನವುಗಳಲ್ಲಿ 'ಇ' ಅಕ್ಷರ ತೆಗೆದು ಅಪಾಸ್ಟ್ರಫಿ ಹಾಕಿದ್ದಾನೆ. ಟೋಪಿಗೂ ಬೂಟಿಗೂ ನಡುವೆ ಮುಗಿದುಹೋಗುವವನಲ್ಲ ನಾನು ಎಂಬ ಸಾಲನ್ನು 'ಕಂಟೇನ್ಡ್' ಎಂದು ಹುಡುಕುವ ಬದಲು 'ಹ್ಯಾಟ್ ಆ್ಯಂಡ್ ಬೂಟ್ಸ್' ಎಂದು ಹುಡುಕಿದರೆ ಎಲ್ಲ ಆವೃತ್ತಿಗಳೂ ಬರುತ್ತವೆ. ಅವನದೇ ಆದ ಬೇರೆ ಕಾಗುಣಿತಗಳೂ ಇವೆ: ಅಡ್ಡಾಡುವುದಕ್ಕೆ 'ಲೋಫ್' ಎಂಬ ಪದದ ಕೊನೆಗೆ ಒಂದು 'ಇ' ಹೆಚ್ಚು, 'ಕಾಸ್ಮೋಸ್' ಶುರುವಾಗುವುದು 'ಕೆ' ಇಂದ. ಗೊತ್ತಿಲ್ಲದೆ ಶಾಲೆಯ ಕಾಗುಣಿತ ಹಾಕಿದರೆ ಸೊನ್ನೆ ಫಲಿತಾಂಶ, ಆಮೇಲೆ 'ವಿಟ್ಮನ್ ಹೀಗೆ ಹೇಳೇ ಇಲ್ಲ' ಎಂಬ ತಪ್ಪು ತೀರ್ಮಾನ.

ಪದ್ಯದಲ್ಲಿ ಸಿಗದಿದ್ದರೆ ಗದ್ಯಕ್ಕೆ ಹೋಗಿ. ಅರ್ಧದಷ್ಟು ಜನ ಇಲ್ಲೇ ಕೈಬಿಡುತ್ತಾರೆ. ದೊಡ್ಡ ಕವಿಗಳು ಇರಬೇಕಾದರೆ ದೊಡ್ಡ ಓದುಗರೂ ಇರಬೇಕು ಎಂಬುದು 'ಪೊಯೆಟ್ರಿ' ಮಾಸಪತ್ರಿಕೆ ತನ್ನ ಧ್ಯೇಯವಾಕ್ಯವಾಗಿ ಇಟ್ಟುಕೊಂಡ ಮಾತು. ಅದು ಯಾವ ಪದ್ಯದಲ್ಲೂ ಇಲ್ಲ. 1882ರ 'ಸ್ಪೆಸಿಮನ್ ಡೇಸ್ ಆ್ಯಂಡ್ ಕಲೆಕ್ಟ್' ಎಂಬ ಗದ್ಯ ಸಂಪುಟದ ಹಿಂಭಾಗದಲ್ಲಿ, ಹಳೆಯ ವಿಷಯವೊಂದರ ಮೇಲಿನ ಬಿಡಿ ಟಿಪ್ಪಣಿಗಳ ನಡುವೆ ಅಡಗಿದೆ. ನಿಜವಾದ ಯುದ್ಧ ಎಂದೂ ಪುಸ್ತಕಗಳೊಳಗೆ ಬರುವುದಿಲ್ಲ ಎಂಬುದೂ ಅದೇ ಸಂಪುಟದ್ದು. ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರ ಹಾಸಿಗೆ ಪಕ್ಕ ಕೂತವನು ಬರೆದ ಮಾತದು.

1855ರ ಮುನ್ನುಡಿಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ವಿಟ್ಮನ್ ಹೆಸರಿನಲ್ಲಿ ಪೋಸ್ಟರ್ ಆಗುವ ಮಾತುಗಳಲ್ಲಿ ಬಹುಪಾಲು ಬರುವುದು ಎರಡು ಕಾಲಂಗಳಲ್ಲಿ ಒತ್ತಾಗಿ ಅಚ್ಚಾದ ಆ ಹತ್ತು ಪುಟಗಳಿಂದ. ಶಾಲೆಯಲ್ಲಿ, ಚರ್ಚಿನಲ್ಲಿ, ಯಾವುದೇ ಪುಸ್ತಕದಲ್ಲಿ ನಿನಗೆ ಹೇಳಿಕೊಟ್ಟದ್ದನ್ನೆಲ್ಲ ಮತ್ತೆ ಪರೀಕ್ಷಿಸು, ನಿನ್ನ ಆತ್ಮಕ್ಕೆ ಅವಮಾನವಾಗುವುದನ್ನು ಕಿತ್ತೊಗೆ ಎಂಬುದು ಇಲ್ಲಿಯದೇ. ಪೋಸ್ಟರುಗಳು ಅದನ್ನು ಸಾಲು ಮುರಿದು ಪದ್ಯದಂತೆ ಬರೆಯುತ್ತವೆ. ಅದು ಗದ್ಯ, ಅದೂ ಒಂದೇ ಭಾರಿ ವಾಕ್ಯದ ಬಾಲ. ಆ ವಾಕ್ಯ ಶುರುವಾಗುವುದು ನೀನು ಮಾಡಬೇಕಾದದ್ದು ಇಷ್ಟು ಎಂದು: ಭೂಮಿಯನ್ನು, ಸೂರ್ಯನನ್ನು, ಪ್ರಾಣಿಗಳನ್ನು ಪ್ರೀತಿಸು, ಸಿರಿತನವನ್ನು ತುಚ್ಛವಾಗಿ ಕಾಣು, ಕೇಳಿದವರಿಗೆಲ್ಲ ಭಿಕ್ಷೆ ಕೊಡು, ದಡ್ಡರ ಮತ್ತು ಹುಚ್ಚರ ಪರ ನಿಲ್ಲು, ನಿನ್ನ ಗಳಿಕೆ ಮತ್ತು ದುಡಿಮೆಯನ್ನು ಇತರರಿಗೆ ಕೊಡು, ನಿರಂಕುಶರನ್ನು ದ್ವೇಷಿಸು, ದೇವರ ಬಗ್ಗೆ ವಾದಕ್ಕಿಳಿಯಬೇಡ. ಇದನ್ನು ಕಾರ್ಪೊರೇಟ್ ಕಚೇರಿಯ ಗೋಡೆಗೆ ಹಾಕುವವರು ಗಳಿಕೆ ಕೊಡು ಎನ್ನುವುದನ್ನೂ ಸಿರಿತನದ ಮಾತನ್ನೂ ಜಾಣತನದಿಂದ ಬಿಟ್ಟು, ಆತ್ಮವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಪುಟದ ಚಿತ್ರ ನೋಡಿದವರಿಗೆ ಈ ಕತ್ತರಿ ಕೆಲಸ ಥಟ್ಟನೆ ಕಾಣುತ್ತದೆ.

ಈ ಮುನ್ನುಡಿಯನ್ನು ಹುಡುಕುವಾಗ ಒಂದು ತೊಡಕು ಎದುರಾಗುತ್ತದೆ. 1856ರಲ್ಲಿ ವಿಟ್ಮನ್ ಮುನ್ನುಡಿಯನ್ನು ಕೈಬಿಟ್ಟು ಅದರ ತುಣುಕುಗಳನ್ನು ಪದ್ಯಗಳೊಳಗೆ ಸೇರಿಸಿದ. ಅವುಗಳಲ್ಲಿ ದೊಡ್ಡದು ಮುಂದೆ 'ಬೈ ಬ್ಲೂ ಒಂಟಾರಿಯೋಸ್ ಶೋರ್' ಆಯಿತು. 1882ರಲ್ಲಿ ಗದ್ಯ ಸಂಪುಟದಲ್ಲಿ ಮುನ್ನುಡಿ ಮತ್ತೆ ಬಂತು, ತಿದ್ದುಪಡಿಗಳೊಂದಿಗೆ. ಆದ್ದರಿಂದ ಒಂದೇ ಮಾತಿಗೆ ಮೂರು ನಾಲ್ಕು ವಿಳಾಸ ಸಿಕ್ಕಿದರೆ ಗಾಬರಿಯಾಗಬೇಡಿ. ಪದಕ್ಕೆ ಪದ ಹೊಂದುವುದನ್ನು ಆರಿಸಿ, ಆ ವರ್ಷವನ್ನೇ ಬರೆಯಿರಿ.

ಸಿಕ್ಕಿತು ಎಂದಮೇಲೂ ಕೆಲಸ ಮುಗಿಯಲಿಲ್ಲ. ಮಾತಾಡುತ್ತಿರುವವರು ಯಾರೆಂದು ನೋಡಬೇಕು. ಆರ್ಕೈವ್‌ನಲ್ಲಿ ಇರುವುದೆಲ್ಲ ವಿಟ್ಮನ್ ಮಾತಲ್ಲ. ಪತ್ರಗಳ ವಿಭಾಗದಲ್ಲಿ ಅವನಿಗೆ ಬಂದ ಪತ್ರಗಳೂ ಸೇರಿವೆ. ಮಹತ್ತಾದ ಬಾಳಿನ ಆರಂಭದಲ್ಲಿ ನಿಮಗೆ ನನ್ನ ವಂದನೆ ಎಂಬುದು 1855ರ ಜುಲೈ 21ರಂದು ಆ ಕಾಲದ ಹೆಸರಾಂತ ಅಮೆರಿಕನ್ ಚಿಂತಕ ಎಮರ್ಸನ್ ಬರೆದದ್ದು. ವಿಟ್ಮನ್ ಮಾಡಿದ ಕೆಲಸವೆಂದರೆ, ಎಮರ್ಸನ್‌ನನ್ನು ಒಂದು ಮಾತೂ ಕೇಳದೆ, ಅದನ್ನು ಮುಂದಿನ ವರ್ಷದ ಆವೃತ್ತಿಯ ಬೆನ್ನಿನ ಮೇಲೆ ಚಿನ್ನದಕ್ಷರದಲ್ಲಿ ಒತ್ತಿಸಿದ್ದು. ಪುಸ್ತಕದ ಹೊದಿಕೆಯ ಮೇಲೆ ದೊಡ್ಡವರ ಹೊಗಳಿಕೆ ಹಾಕುವ ಇವತ್ತಿನ ಪ್ರಕಾಶಕರಿಗೆ ಗುರು ಇವನೇ ಇರಬೇಕು. ಇದಕ್ಕೆ ಉಲ್ಟಾ ಪ್ರಕರಣ ವಿಮರ್ಶೆಗಳ ವಿಭಾಗದಲ್ಲಿದೆ. ಕೊನೆಗೂ ಒಬ್ಬ ಅಮೆರಿಕನ್ ಕವಿ ಬಂದ ಎಂದು 1855ರಲ್ಲಿ ಹೆಸರಿಲ್ಲದೆ ಅಚ್ಚಾದ ವಿಮರ್ಶೆ ಯಾರೋ ಮೆಚ್ಚಿ ಬರೆದ ಹಾಗೆ ಕಾಣುತ್ತದೆ. ಬರೆದವನು ವಿಟ್ಮನ್ನೇ. ತನ್ನ ಪುಸ್ತಕಕ್ಕೆ ತಾನೇ ವಿಮರ್ಶೆ ಬರೆದು ಹೆಸರು ಮುಚ್ಚಿಟ್ಟಿದ್ದ. ಇಂಥ ವಿಮರ್ಶೆಗಳನ್ನು ಆರ್ಕೈವ್ ಅವನ ಹೆಸರಿಗೇ ಹಾಕಿದೆ, ಹಾಗಾಗಿ ಮೋಸಹೋಗುವ ಅಪಾಯ ಕಡಿಮೆ.

ಇನ್ನೂ ಸೂಕ್ಷ್ಮವಾದದ್ದು ಕೈಬರಹದ ವಿಚಾರ. ಅಮೆರಿಕದ ಅಟಾರ್ನಿ ಜನರಲ್ ಕಚೇರಿಯಲ್ಲಿ ವಿಟ್ಮನ್ ಗುಮಾಸ್ತನಾಗಿದ್ದಾಗ ನಕಲು ಮಾಡಿದ ಸುಮಾರು 3,000 ಕಡತಪತ್ರಗಳನ್ನು ಕೆನೆತ್ ಪ್ರೈಸ್ ಅವರು ರಾಷ್ಟ್ರೀಯ ದಾಖಲಾಲಯದಲ್ಲಿ ಪತ್ತೆ ಮಾಡಿದರು. ಸುದ್ದಿ ಹೊರಬಂದದ್ದು 2011ರಲ್ಲಿ. ಅಕ್ಷರ ಅವನದು, ಮಾತು ಸರ್ಕಾರದ್ದು. ಆ ಪುಟಗಳಿಂದ ಒಂದು ಗಂಭೀರ ವಾಕ್ಯ ಎತ್ತಿ 'ವಿಟ್ಮನ್ ನುಡಿ' ಎಂದು ಹಾಕಿದರೆ ಅದು ಮೇಲಧಿಕಾರಿಯ ಟಿಪ್ಪಣಿಯಾಗಿರುವ ಸಾಧ್ಯತೆಯೇ ಹೆಚ್ಚು. ಓದಿದ ಪುಸ್ತಕಗಳಿಂದ ಬರೆದಿಟ್ಟುಕೊಂಡ ಟಿಪ್ಪಣಿಗಳಿಗೂ ಇದೇ ಎಚ್ಚರಿಕೆ.

ವಿಟ್ಮನ್ ಜೊತೆಗಿನ ಮಾತುಕತೆಗಳನ್ನು ಹಾರೇಸ್ ಟ್ರಾಬೆಲ್ ಬರೆದಿಟ್ಟ ಒಂಬತ್ತು ಸಂಪುಟಗಳೂ ಇಲ್ಲಿವೆ. 1888ರ ಮಾರ್ಚ್‌ನಿಂದ ವಿಟ್ಮನ್ ತೀರಿಕೊಳ್ಳುವ ತನಕ ಈ ಯುವಕ ಕ್ಯಾಮ್ಡನ್ನಿನ ಮಿಕಲ್ ರಸ್ತೆಯ ಮನೆಗೆ ಹೆಚ್ಚುಕಡಿಮೆ ದಿನಾ ಹೋಗಿ, ಕೇಳಿದ್ದನ್ನು ಚೀಟಿಗಳಲ್ಲಿ ಗೀಚಿಕೊಂಡು, ರಾತ್ರಿ ಕೂತು ವಿಸ್ತರಿಸುತ್ತಿದ್ದ. ಮೊದಲ ಸಂಪುಟ 1906ರಲ್ಲಿ ಬಂತು, ಕೊನೆಯವೆರಡು 1996ರಲ್ಲಿ. ಮುದುಕ ವಿಟ್ಮನ್‌ನ ಅತಿ ಖಾರದ ಮಾತುಗಳೆಲ್ಲ ಇಲ್ಲಿಯವು. ಜಗತ್ತಿನ ಅತ್ಯಂತ ಹೊಲಸು ಪುಸ್ತಕ ಎಂದರೆ ಕತ್ತರಿ ಹಾಕಿ 'ಶುದ್ಧ' ಮಾಡಿದ ಪುಸ್ತಕ ಎಂಬುದು 1888ರ ಮಾತುಕತೆಯದು. 1868ರಲ್ಲಿ ಲಂಡನ್ನಿನಲ್ಲಿ ವಿಮರ್ಶಕ ವಿಲಿಯಂ ರೊಸೆಟ್ಟಿ ವಿಟ್ಮನ್‌ನ ಆಯ್ದ ಪದ್ಯಗಳ ಸಂಕಲನ ತಂದಾಗ, ಅದರಲ್ಲಿ 'ಸಾಂಗ್ ಆಫ್ ಮೈಸೆಲ್ಫ್' ಆಗುವ ಪದ್ಯವೇ ಇರಲಿಲ್ಲ, ಆದರೂ ಇದೇ ವಿಟ್ಮನ್ ಒಪ್ಪಿಕೊಂಡಿದ್ದ ಎಂಬುದನ್ನು ನೆನೆದರೆ ಆ ಸಿಟ್ಟಿನ ಮೂಲ ಅರ್ಥವಾಗುತ್ತದೆ. ಲಿಂಕನ್ ಸಾವಿನ ಮೇಲಿನ 'ಓ ಕ್ಯಾಪ್ಟನ್' ಪದ್ಯವನ್ನೇ ಎಲ್ಲರೂ ಕೇಳುತ್ತಾರೆಂದು ರೇಗಿ, ಅದನ್ನು ಯಾಕಾದರೂ ಬರೆದೆನೋ ಅನ್ನಿಸುತ್ತದೆ ಎಂದು ಗೊಣಗಿದ್ದೂ ಟ್ರಾಬೆಲ್ ಪುಟಗಳಲ್ಲೇ. ಇಂಥವನ್ನು ಬಳಸುವಾಗ 'ವಿಟ್ಮನ್ ಬರೆದ' ಎನ್ನಬಾರದು. 'ಟ್ರಾಬೆಲ್ ದಾಖಲಿಸಿದಂತೆ' ಎಂದು ಬರೆದು ದಿನಾಂಕ ಹಾಕಿದರೆ ಸಾಕು. ಪ್ರತಿ ನಮೂದಿಗೂ ದಿನಾಂಕ ಇದ್ದೇ ಇದೆ.

ಸಂದರ್ಭ ನೋಡಲು ಹಿಂದೆ ಐದು, ಮುಂದೆ ಐದು ಸಾಲು ಓದುವುದು ಕನಿಷ್ಠ. 'ಹೆಚ್ಚು ಪ್ರತಿರೋಧಿಸು, ಕಡಿಮೆ ವಿಧೇಯನಾಗು' ಎಂಬುದು ಟೀ ಶರ್ಟುಗಳ ಮೇಲೆ ಬಂಡುಕೋರ ಹುಡುಗನಿಗೆ ಹೇಳಿದ ಹಾಗಿದೆ. 1860ರ ಪುಸ್ತಕದಲ್ಲಿ ಅದರ ಶೀರ್ಷಿಕೆ 'ವಾಲ್ಟ್ ವಿಟ್ಮನ್ಸ್ ಕಾಷನ್', ಉದ್ದೇಶಿಸಿದ್ದು ರಾಜ್ಯಗಳನ್ನು, ನಗರಗಳನ್ನು. ಪ್ರಶ್ನಿಸದೆ ಒಮ್ಮೆ ವಿಧೇಯವಾದ ನಾಡು ಮತ್ತೆ ಸ್ವಾತಂತ್ರ್ಯ ಕಾಣುವುದಿಲ್ಲ ಎಂದು ಮುಂದಿನ ಸಾಲುಗಳು ಹೇಳುತ್ತವೆ. ಅಂತರ್ಯುದ್ಧಕ್ಕೆ ಒಂದು ವರ್ಷ ಮೊದಲು ಅಚ್ಚಾದದ್ದು ಎಂಬುದನ್ನು ಗಮನದಲ್ಲಿಟ್ಟು ಓದಬೇಕು.

ಈಗ ಕುಂದುಗಳು. ಮೊದಲನೆಯದು, ಏನನ್ನು ಹುಡುಕುತ್ತಿದ್ದೇವೆಂದು ಮೊದಲೇ ಗೊತ್ತಿಲ್ಲದವರಿಗೆ ಈ ತಾಣ ಕೈಹಿಡಿದು ನಡೆಸುವುದಿಲ್ಲ. 'ಸ್ನೇಹದ ಬಗ್ಗೆ ವಿಟ್ಮನ್ ಏನಂದ' ಎಂಬ ವಿಷಯವಾರು ಪಟ್ಟಿಯನ್ನು ಇಲ್ಲಿ ನಿರೀಕ್ಷಿಸಬಾರದು. ಹೆಸರಾದ ಸಾಲನ್ನು ಹುಡುಕಿದರೆ ಎಲ್ಲ ಆವೃತ್ತಿಗಳು, ಅದನ್ನು ಉದ್ಧರಿಸಿದ ವಿಮರ್ಶೆಗಳು, ವಿದ್ವಾಂಸರ ಲೇಖನಗಳು ಒಟ್ಟಿಗೆ ಬಂದು ಬೀಳುತ್ತವೆ. ಹೊಸಬರು ಮೊದಲು ಕಂಡ ವಿಮರ್ಶೆಯನ್ನೇ ಮೂಲ ಎಂದುಕೊಳ್ಳುವುದು ಸುಲಭ. ಫಲಿತಾಂಶದ ತಲೆಬರಹ ಓದದೆ ನಕಲು ಮಾಡಬೇಡಿ. ಮೊಬೈಲಿನಲ್ಲಿ ಓದುವವರಿಗೆ ಇನ್ನೊಂದು ಕಷ್ಟ: ವಿಟ್ಮನ್ ಸಾಲುಗಳು ಉದ್ದ, ಪರದೆ ಸಣ್ಣದು, ಸಾಲು ಮುರಿದು ಕೆಳಗಿಳಿದಾಗ ಕವಿ ನಿಲ್ಲಿಸಿದ್ದು ಎಲ್ಲಿ, ಪರದೆ ನಿಲ್ಲಿಸಿದ್ದು ಎಲ್ಲಿ ಎಂದು ತಿಳಿಯದು. ಸಾಲು ಮುರಿತ ಖಚಿತ ಬೇಕಿದ್ದರೆ ಫೋನನ್ನು ಅಡ್ಡ ಹಿಡಿಯಿರಿ, ಇಲ್ಲವೇ ಪುಟದ ಚಿತ್ರ ತೆರೆಯಿರಿ. ಅಚ್ಚಿನಲ್ಲಿ ಮುಂದುವರಿದ ಭಾಗ ಒಳಕ್ಕೆ ಸರಿದಿರುತ್ತದೆ, ಹೊಸ ಸಾಲು ದೊಡ್ಡಕ್ಷರದಿಂದ ಎಡ ಅಂಚಿನಲ್ಲಿ ಶುರುವಾಗುತ್ತದೆ.

ಅನುವಾದಗಳ ವಿಭಾಗದಲ್ಲಿ ಸ್ಪ್ಯಾನಿಷ್, ಜರ್ಮನ್, ರಷ್ಯನ್ ಭಾಷೆಗಳಿವೆ, ಕನ್ನಡ ಇಲ್ಲ. ಗೋಪಾಲಕೃಷ್ಣ ಅಡಿಗರು ವಿಟ್ಮನ್‌ನನ್ನು 'ಹುಲ್ಲಿನ ದಳಗಳು' ಎಂದು 1966ರಲ್ಲೇ ಕನ್ನಡಕ್ಕೆ ತಂದಿದ್ದಾರೆ. ನಮ್ಮ ಭಾಷೆಯಲ್ಲಿ ಉಲ್ಲೇಖಿಸುವವರು ಅದನ್ನು ಗ್ರಂಥಾಲಯದಲ್ಲಿ ಹುಡುಕಿ ನೋಡಬೇಕು.

ಛಾಯಾಚಿತ್ರ ಮತ್ತು ಧ್ವನಿಯ ವಿಭಾಗ ಚೆನ್ನಾಗಿದೆ, ಪೋಸ್ಟರ್ ಮಾಡುವವರಿಗೆ ಆಸೆ ಹುಟ್ಟಿಸುತ್ತದೆ. ಬೆರಳ ಮೇಲೆ ಚಿಟ್ಟೆ ಕೂತಿರುವ 1877ರ ಚಿತ್ರ ನೋಡಿ. ಹಕ್ಕಿ, ಚಿಟ್ಟೆಗಳು ತನ್ನ ಹತ್ತಿರ ತಾವಾಗಿ ಬರುತ್ತವೆ ಎಂದು ಕವಿ ಹೇಳಿಕೊಂಡಿದ್ದ. ಆ ಚಿಟ್ಟೆ ರಟ್ಟಿನದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಣೆಯಾಗಿದ್ದ ಅವನ ನೋಟ್‌ಬುಕ್ಕುಗಳ ಜೊತೆ 1995ರಲ್ಲಿ ಅದೂ ಮರಳಿ ಸಿಕ್ಕಿತು. ವಿಟ್ಮನ್ ದನಿ ಎಂದು ಹೇಳಲಾಗುವ 36 ಸೆಕೆಂಡಿನ ಧ್ವನಿಮುದ್ರಿಕೆಯೂ ಇದೆ, 'ಅಮೆರಿಕ' ಎಂಬ ಪುಟ್ಟ ಪದ್ಯದ ನಾಲ್ಕು ಸಾಲು. ಅದು ಅವನದೇ ದನಿಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಡಿಯೋಗೆ ಹಾಕುವುದಾದರೆ 'ಎನ್ನಲಾದ' ಎಂಬ ಪದ ಬಿಡಬೇಡಿ.

ಬೇರೆ ಆಯ್ಕೆಗಳ ಜೊತೆ ಹೋಲಿಸಿದರೆ? ಜಾಹೀರಾತಿನಿಂದ ಬದುಕುವ ಉಲ್ಲೇಖ ತಾಣಗಳು ಈ ಕೆಲಸಕ್ಕೆ ನಿಷ್ಪ್ರಯೋಜಕ. ಮೂಲ ಕೊಡುವುದಿಲ್ಲ, ಕೊಟ್ಟರೂ ಪುಸ್ತಕದ ಹೆಸರಿನಾಚೆಗೆ ಹೋಗುವುದಿಲ್ಲ. ವಿಕಿಕೋಟ್ ಮೊದಲ ಹೆಜ್ಜೆಗೆ ಪರವಾಗಿಲ್ಲ, ಸಂದೇಹವಿರುವ ಮಾತುಗಳನ್ನು ಬೇರೆ ಮಾಡಿ ತೋರಿಸುವ ರೂಢಿ ಅಲ್ಲಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಪಠ್ಯ ಕೊನೆಯ ಆವೃತ್ತಿಯದು. ಫೋನಿಗೆ ಇಳಿಸಿಟ್ಟು ನೆಟ್ ಇಲ್ಲದ ಕಡೆ ಹುಡುಕಲು ಅನುಕೂಲ, ಆದರೆ 1855ರ ಮಾತುಗಳನ್ನು ಅದರಲ್ಲಿ ಹುಡುಕಬೇಡಿ. ಕೈಯಲ್ಲಿ ಹಿಡಿಯುವ ಪುಸ್ತಕ ಬೇಕೆಂದರೆ ಲೈಬ್ರರಿ ಆಫ್ ಅಮೆರಿಕ 1982ರಲ್ಲಿ ತಂದ ಪದ್ಯ ಮತ್ತು ಗದ್ಯದ ಸಂಪುಟ ತೆಗೆದುಕೊಳ್ಳಿ. 1855 ಮತ್ತು 1891-92, ಎರಡೂ ಆವೃತ್ತಿ ಪೂರ್ತಿಯಾಗಿ ಒಂದೇ ಹೊದಿಕೆಯೊಳಗಿವೆ, ಜೊತೆಗೆ 'ಸ್ಪೆಸಿಮನ್ ಡೇಸ್' ಕೂಡ. ಪತ್ರಗಳೂ ಟ್ರಾಬೆಲ್ಲೂ ಅದರಲ್ಲಿ ಬರುವುದಿಲ್ಲ, ಅಷ್ಟಕ್ಕೆ ಮತ್ತೆ ಆರ್ಕೈವ್‌ಗೇ ಬರಬೇಕು.

ಮಾತಿನ ಕೆಳಗೆ ಹಾಕುವ ಒಕ್ಕಣೆಯಲ್ಲಿ ನಾಲ್ಕು ವಿವರ ಇರಲಿ: ಪದ್ಯ ಅಥವಾ ಬರಹದ ಹೆಸರು, ಆವೃತ್ತಿಯ ವರ್ಷ, ಭಾಗ ಅಥವಾ ಪುಟ ಸಂಖ್ಯೆ, ವಾಲ್ಟ್ ವಿಟ್ಮನ್ ಆರ್ಕೈವ್. 1855ರ ಪದ್ಯವಾದರೆ ಶೀರ್ಷಿಕೆಯ ಬದಲು 'ಮೊದಲ ಪದ್ಯ' ಎಂದು ಬರೆದು ಪುಟ ಸಂಖ್ಯೆ ಕೊಡಿ. ವಿಟ್ಮನ್ ತೀರಿಕೊಂಡದ್ದು 1892ರ ಮಾರ್ಚ್ 26ರಂದು. ಅವನು ಬದುಕಿದ್ದಾಗ ಅಚ್ಚಾದ ಸಾಲುಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ, ಅವನ್ನು ಬಟ್ಟೆಯ ಮೇಲೂ ಮಗ್ಗಿನ ಮೇಲೂ ಅಚ್ಚು ಹಾಕಿ ಮಾರಬಹುದು. ಆರ್ಕೈವ್‌ನ ಸಂಪಾದಕರು ಬರೆದ ಟಿಪ್ಪಣಿ, ಪೀಠಿಕೆಗಳ ಮಾತು ಬೇರೆ. ಅವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಹಸ್ತಪ್ರತಿ ಮತ್ತು ಛಾಯಾಚಿತ್ರಗಳ ಮೂಲಗಳು ಬೇರೆ ಬೇರೆ ಗ್ರಂಥಾಲಯಗಳವು. ಚಿತ್ರವನ್ನು ಪುಸ್ತಕದ ಹೊದಿಕೆಗೆ ಹಾಕುವ ಯೋಚನೆಯಿದ್ದರೆ ಚಿತ್ರದ ಜೊತೆ ನಮೂದಿಸಿರುವ ಸಂಸ್ಥೆಗೆ ಬರೆದು ಅನುಮತಿ ಕೇಳಿಕೊಳ್ಳಿ.